ಶಿಶುವರ್ಗದ ವಸಂತ: ಆಟವೋ ಪಾಠವೋ?

ನಮ್ಮ ಶಾಲೆಯ ಹಿಂಬದಿಯಲ್ಲಿ, ಶಿಶುವರ್ಗದ ಕೋಣೆಗೂ ಆವರಣದ ಗೋಡೆಗೂ ನಡುವೆ, ಹನ್ನೆರಡು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲದ ಒಂದು ನೆಲದ ತುಂಡು ಇದೆ. ವಾಚಕರಲ್ಲಿ ಅನೇಕರು ಅದನ್ನು ಕಂಡಿರಲಾರರು; ಕಂಡವರೂ ಚೆಂಡು ಅತ್ತ ಉರುಳಿದಾಗ ಮಾತ್ರ ಕಂಡಿದ್ದಾರು. ಮುಂಬಯಿಯಂಥ ನಗರದಲ್ಲಿ ಅಷ್ಟು ಬರಿಯ ಮಣ್ಣು ಉಳಿದುಕೊಂಡದ್ದೇ ಒಂದು ಸೋಜಿಗ. ಈ ವರ್ಷ ಆ ನೆಲದ ವಿಷಯವಾಗಿ ಎರಡು ಅಭಿಪ್ರಾಯಗಳು ಹುಟ್ಟಿಕೊಂಡಿವೆ. ಅಲ್ಲಿ ಸಿಮೆಂಟು ಹಾಸಿ ಬಿಟ್ಟರೆ ವಾಹನಗಳನ್ನು ನಿಲ್ಲಿಸಲು ಅನುಕೂಲವಾಗುವುದು, ಮಕ್ಕಳ ಕೈಕಾಲುಗಳೂ ಶುಚಿಯಾಗಿರುವುವು ಎಂಬುದು ಒಂದು. ಅದು ಶಿಶುವರ್ಗದ ಮಕ್ಕಳಿಗೇ ಇರಲಿ ಎಂಬುದು ಇನ್ನೊಂದು.

ಈ ಚರ್ಚೆಯ ಮೂಲವು ಒಂದು ಸಂಜೆ ಶಾಲೆಯ ಬಾಗಿಲಲ್ಲಿ ನಡೆದ ಸಂಭಾಷಣೆಯಲ್ಲಿದೆ. ಮಗುವನ್ನು ಕರೆದೊಯ್ಯಲು ಬಂದ ಪಾಲಕರೊಬ್ಬರು ಅದರ ಉಗುರುಗಳಲ್ಲಿ ಸೇರಿದ ಮಣ್ಣನ್ನು ನೋಡಿ, "ನಮ್ಮ ಊರಿನಲ್ಲಿ ಇದಕ್ಕೆ ಶಾಲೆಯೇ ಬೇಕಾಗಿರಲಿಲ್ಲ. ಮಣ್ಣಾಡಿಸುವುದಕ್ಕೆ ನಾವು ಇಷ್ಟು ದೂರದಿಂದ ಕರೆತರಬೇಕೇ?" ಎಂದು ಕೇಳಿದರು. ಅವರ ಮಾತಿನಲ್ಲಿ ಕೋಪಕ್ಕಿಂತ ಕಳವಳವೇ ಹೆಚ್ಚಾಗಿತ್ತು. ಅಲ್ಲಿಯೇ ನಿಂತಿದ್ದ ನಾವು ನಕ್ಕೆವು. ನಕ್ಕದ್ದು ಅವರ ಪಕ್ಷ ವಹಿಸಿ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ನಾವು ಎಂದರೆ ಒಂಬತ್ತನೆಯ ತರಗತಿಯವರು. ಜನವರಿಯ ಕೊನೆಯ ವಾರದಿಂದ ಯುಗಾದಿಯವರೆಗೆ, ಇಬ್ಬಿಬ್ಬರಂತೆ ಸರದಿಯ ಮೇಲೆ, ವಾರಕ್ಕೊಂದು ತಾಸು ಶಿಶುವರ್ಗದ ಗುರುಮಾತೆಗೆ ನೆರವಾಗಬೇಕೆಂದು ನಮಗೆ ಅಪ್ಪಣೆಯಾಗಿತ್ತು. ಬೀಜಗಣಿತದ ತಾಸು ತಪ್ಪಿತಲ್ಲ ಎಂಬ ಸಂತೋಷ ಒಂದನ್ನು ಬಿಟ್ಟರೆ, ನಾವು ಯಾವ ಉತ್ಸಾಹವನ್ನೂ ಹೊತ್ತು ಹೋಗಲಿಲ್ಲ. ಹಿಂತಿರುಗಿ ಬರುವಾಗ ನಮ್ಮ ಅಭಿಪ್ರಾಯ ಬದಲಾಗಿತ್ತು. ಶಿಶುವರ್ಗದಲ್ಲಿ ಕೈಯಿಂದ ಮಾಡುವ ಕೆಲಸವು ಪಾಠದಿಂದ ಕದ್ದ ವೇಳೆಯಲ್ಲ, ಅದೇ ಆ ವಯಸ್ಸಿನ ಪಾಠ ಎಂಬುದು ಈಗ ನಮ್ಮ ನಂಬಿಕೆ. ಆ ನೆಲದ ತುಂಡು ಮಣ್ಣಾಗಿಯೇ ಉಳಿಯಬೇಕು. ಇದನ್ನು ಕಾರಣಗಳೊಡನೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ಮಾತು. ಎಲ್ಲ ಕಡೆಯೂ ಬಳಕೆಯಲ್ಲಿರುವ 'ಕಿಂಡರ್‌ಗಾರ್ಟನ್' ಎಂಬುದು ಜರ್ಮನ್ ಶಬ್ದ. ಮಕ್ಕಳ ತೋಟವೆಂದು ಅದರ ಅರ್ಥ. 1782ರಲ್ಲಿ ತುರಿಂಗಿಯಾ ಪ್ರಾಂತದಲ್ಲಿ ಜನಿಸಿದ ಫ್ರೀಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಣವೇತ್ತರು 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, 1840ರಲ್ಲಿ ಅದಕ್ಕೆ ಈ ಹೆಸರನ್ನಿಟ್ಟರು. ತಾರುಣ್ಯದಲ್ಲಿ ಅರಣ್ಯದ ಕೆಲಸವನ್ನು ಕಲಿತಿದ್ದ ಅವರಿಗೆ ಗಿಡಮರಗಳು ಹೇಗೆ ಬೆಳೆಯುವುವೆಂಬುದು ತಿಳಿದಿತ್ತು. ಅವರ ತೋಟವು ಬರಿಯ ಅಲಂಕಾರದ ಮಾತಾಗಿರಲಿಲ್ಲ. ಪ್ರತಿಯೊಂದು ಮಗುವಿಗೂ ತನ್ನದೇ ಆದ ಒಂದು ಚಿಕ್ಕ ಪಾತಿ, ಎಲ್ಲರೂ ಕೂಡಿ ನೋಡಿಕೊಳ್ಳಬೇಕಾದ ಸಾಮಾನ್ಯ ಪಾತಿಗಳು, ಹೀಗೆ ನಿಜವಾದ ತೋಟವೇ ಅಲ್ಲಿರಬೇಕೆಂಬುದು ಅವರ ಯೋಜನೆ. ತನ್ನ ಪಾತಿಯನ್ನು ಆರೈಕೆ ಮಾಡುತ್ತ ಮಗು ತನ್ನ ಹೊಣೆಯನ್ನು ಅರಿಯುವುದು. ಸಾಮಾನ್ಯ ಪಾತಿಯಲ್ಲಿ ದುಡಿಯುತ್ತ ನಾಲ್ವರೊಡನೆ ಬಾಳುವುದನ್ನು ಕಲಿಯುವುದು. ಉಣ್ಣೆಯ ಚೆಂಡುಗಳು, ಮರದ ಗೋಲ, ಘನ, ಸಿಲಿಂಡರುಗಳು, ಎಂಟು ಚಿಕ್ಕ ಘನಗಳಾಗಿ ಬಿಡಿಸಬಹುದಾದ ಒಂದು ದೊಡ್ಡ ಘನ ಮೊದಲಾದ ಆಟದ ಸಾಮಗ್ರಿಗಳನ್ನೂ ಅವರು ರೂಪಿಸಿದರು. 1851ರಲ್ಲಿ ಪ್ರಷ್ಯಾದ ಸರಕಾರವು ಈ ಮಕ್ಕಳ ತೋಟಗಳನ್ನು ನಿಷೇಧಿಸಿತು. ಮರುವರ್ಷ ಫ್ರೋಬೆಲ್ಲರು ತೀರಿಕೊಂಡರು. ನಿಷೇಧವು 1860ರಲ್ಲಿ ತೆರವಾದುದನ್ನು ನೋಡಲು ಅವರಿರಲಿಲ್ಲ. ಮಕ್ಕಳು ಮಣ್ಣು ಮುಟ್ಟುವುದನ್ನು ಕಂಡು ಕಳವಳಗೊಂಡವರು ನಮ್ಮ ಶಾಲೆಯ ಬಾಗಿಲಲ್ಲಿ ನಿಂತ ಪಾಲಕರೊಬ್ಬರೇ ಅಲ್ಲ; ಒಂದು ರಾಜ್ಯದ ಸರಕಾರವೇ ಒಮ್ಮೆ ಮಕ್ಕಳ ತೋಟಕ್ಕೆ ಅಂಜಿತ್ತು!

ಇನ್ನು ನಾವು ಕಣ್ಣಾರೆ ಕಂಡದ್ದನ್ನು ಹೇಳುವೆವು.

ಗುರುಮಾತೆಯವರು ಮನೆಗಳಿಂದ ಹಳೆಯ ಡಬ್ಬಿಗಳನ್ನು ತರಿಸಿ, ತಳದಲ್ಲಿ ತೂತು ಮಾಡಿಸಿ, ಮಣ್ಣು ತುಂಬಿಸಿದರು. ಮೆಂತ್ಯ, ಹೆಸರು, ಅವರೆ, ಹುರುಳಿ ಎಂದು ನಾಲ್ಕು ಬಗೆಯ ಕಾಳುಗಳು ಬಂದುವು. ಪ್ರತಿಯೊಂದು ಡಬ್ಬಿಗೂ ಕಾಳಿನ ಹೆಸರನ್ನು ಬರೆದು ಅಂಟಿಸುವುದು ನಮ್ಮ ಪಾಲಿಗೆ ಬಂದ ಕೆಲಸ. ಒಂದು ಡಬ್ಬಿಯ ಮೇಲೆ ನಾವು 'ಹೆಸರು' ಎಂದು ಬರೆದೆವು. ಅದನ್ನು ಓದಿ ಹೇಳಿದಾಗ ಒಬ್ಬ ಹುಡುಗ, "ಹೆಸರು ಅಂತ ಇದೆ, ಆದರೆ ಯಾರ ಹೆಸರು?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಹೆಸರಿನ ಹೆಸರೇ ಹೆಸರು ಎಂದು ತಿಳಿದ ಮೇಲೆ ಆ ಮಾತನ್ನೇ ಹಾಡಿನಂತೆ ಹೇಳುತ್ತ ಅವರು ದಿನವೆಲ್ಲ ಕುಣಿದರು. ಒಂದೇ ಶಬ್ದಕ್ಕೆ ಎರಡು ಅರ್ಥಗಳಿರಬಹುದೆಂಬ ವ್ಯಾಕರಣದ ಸಂಗತಿಯನ್ನು ನಾವು ಏಳನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆವು. ಆ ಮಗು ಅದನ್ನು ಒಂದು ಡಬ್ಬಿಯ ಮುಂದೆ ಕುಳಿತು ತಾನೇ ಕಂಡುಕೊಂಡಿತು.

ಗಾಜಿನ ಲೋಟದಲ್ಲಿ ಒದ್ದೆಯ ಬಟ್ಟೆಯನ್ನು ಸುತ್ತಿಟ್ಟು, ಗಾಜಿಗೂ ಬಟ್ಟೆಗೂ ನಡುವೆ ಅವರೆಯ ಕಾಳುಗಳನ್ನು ಇರಿಸಿದ್ದರು. ಕೆಲವನ್ನು ನೆಟ್ಟಗೆ, ಕೆಲವನ್ನು ಅಡ್ಡ, ಕೆಲವನ್ನು ತಲೆಕೆಳಗಾಗಿ ಇಟ್ಟವರು ಮಕ್ಕಳೇ. ಕೆಲವು ದಿನಗಳಲ್ಲಿ ಕಾಳುಗಳು ಉಬ್ಬಿ, ಸಿಪ್ಪೆ ಬಿರಿದು, ಮೊದಲು ಬೇರು ಹೊರಟಿತು. ಹೇಗೆ ಇಟ್ಟರೂ ಬೇರು ಕೆಳಗೇ ಇಳಿಯಿತು, ಕುಡಿ ಮೇಲೆಯೇ ಏರಿತು. ಒಬ್ಬ ಹುಡುಗಿಗೆ ಇದು ಒಪ್ಪಿಗೆಯಾಗಲಿಲ್ಲ. ಮೊಳೆತ ಕಾಳೊಂದನ್ನು ಬೇರು ಮೇಲಾಗುವಂತೆ ತಿರುಗಿಸಿಟ್ಟಳು. ಎರಡು ದಿನ ಕಳೆದು ನೋಡಿದರೆ ಬೇರಿನ ತುದಿ ಬಾಗಿ ಮತ್ತೆ ಕೆಳಗಿನ ದಾರಿಯನ್ನು ಹಿಡಿದಿತ್ತು. "ಅದಕ್ಕೆ ಕಣ್ಣಿಲ್ಲ, ಹೇಗೆ ಗೊತ್ತಾಯಿತು?" ಎಂದು ಆಕೆ ನಮ್ಮನ್ನು ಕೇಳಿದಳು. ಭೂಮಿಯ ಗುರುತ್ವಾಕರ್ಷಣದ ಪಾಠವನ್ನು ಆ ವರ್ಷವೇ ಓದಿದ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಬೇರಿಗೂ ಅದು ತಿಳಿಯುತ್ತದೆಂದು ನಮಗೆಂದೂ ಹೊಳೆದಿರಲಿಲ್ಲ. ಆ ಪ್ರಶ್ನೆಯ ಉತ್ತರವನ್ನು ನಮ್ಮ ವಿಜ್ಞಾನದ ಗುರುಗಳಲ್ಲಿ ಕೇಳಿ ತಿಳಿದುಕೊಂಡವರು ನಾವು, ಕೇಳಲು ಕಲಿಸಿದವಳು ಐದು ವರ್ಷದ ಹುಡುಗಿ.

ಮೆಂತ್ಯದ ಸಸಿಗಳ ಎತ್ತರವನ್ನು ವಾರಕ್ಕೆರಡು ಬಾರಿ ಅಳೆಯಬೇಕಾಗಿತ್ತು. ಅಂಕಿಗಳು ಇನ್ನೂ ಬಾರದ ಮಕ್ಕಳು ಅಳೆಯುವುದು ಹೇಗೆ? ಗುರುಮಾತೆಯವರು ಬಣ್ಣದ ಕಾಗದದ ಪಟ್ಟಿಗಳನ್ನು ಕೊಟ್ಟರು. ಸಸಿಯ ಪಕ್ಕದಲ್ಲಿ ಪಟ್ಟಿಯನ್ನು ಹಿಡಿದು, ಸಸಿಯಷ್ಟೇ ಎತ್ತರಕ್ಕೆ ಕತ್ತರಿಸಿ, ಗೋಡೆಯ ಮೇಲಿನ ಹಾಳೆಗೆ ಸಾಲಾಗಿ ಅಂಟಿಸುವುದು. ಮೂರು ವಾರಗಳಲ್ಲಿ ಆ ಪಟ್ಟಿಗಳು ಮೆಟ್ಟಿಲುಗಳಂತೆ ಏರುತ್ತ ನಿಂತುವು. ಆ ಹಾಳೆಯನ್ನು ನೋಡಿದಾಗ ನಮಗೆ ಬೆರಗಾಯಿತು. ಅಂಕಿಅಂಶಗಳ ಪಾಠದಲ್ಲಿ ನಾವು ಬೆವರಿಳಿಸಿ ಬರೆದ ಸ್ತಂಭಾಲೇಖ ಅದೇ ಅಲ್ಲವೇ? ಅವರಿಗೆ ಅದರ ಹೆಸರು ಗೊತ್ತಿಲ್ಲ, ಅರ್ಥ ಗೊತ್ತಿದೆ. ನಮ್ಮಲ್ಲಿ ಕೆಲವರ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು.

ಎಲ್ಲವೂ ಸಲೀಸಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಒಬ್ಬ ಹುಡುಗನ ಡಬ್ಬಿಯಲ್ಲಿ ಏನೂ ಮೊಳೆಯಲಿಲ್ಲ. ತನ್ನ ಕಾಳಿಗೆ ಬಾಯಾರಿಕೆಯಾದೀತೆಂದು ಅವನು ಗಂಟೆಗೊಮ್ಮೆ ನೀರೆರೆದಿದ್ದ, ಕಾಳುಗಳು ಕೊಳೆತುಹೋಗಿದ್ದುವು. ರಾತ್ರಿ ಗುಟ್ಟಾಗಿ ಹೊಸ ಸಸಿಯನ್ನಿಟ್ಟು ಮಗುವನ್ನು ಸಂತೈಸೋಣವೆಂದು ನಾವು ಸೂಚಿಸಿದೆವು. ಗುರುಮಾತೆಯವರು ಒಪ್ಪಲಿಲ್ಲ. ಅವನೊಡನೆ ಕುಳಿತು ಮಣ್ಣನ್ನು ಕೆದಕಿ, ಕೊಳೆತ ಕಾಳನ್ನು ತೋರಿಸಿ, ಮೂಸಿ ನೋಡೆಂದರು. ಅವನು ಅತ್ತ, ಅನಂತರ ಹೊಸ ಕಾಳುಗಳನ್ನು ನೆಟ್ಟ. ಈ ಸಾರಿ ನೀರೆರೆಯುವ ಮೊದಲು ಬೆರಳಿನಿಂದ ಮಣ್ಣನ್ನು ಒತ್ತಿ ನೋಡುತ್ತಿದ್ದ. ಪ್ರೀತಿಗೂ ಅಳತೆಯಿರಬೇಕೆಂಬ ಉಪದೇಶವನ್ನು ಮಾತಿನಲ್ಲಿ ಹೇಳಿದ್ದರೆ ಅವನಿಗೆ ತಿಳಿಯುತ್ತಿತ್ತೇ?

ಆದರೆ ನಮ್ಮ ಗರ್ವವನ್ನು ಮುರಿದ ಘಟನೆ ಬೇರೆ. ಆ ನೆಲದ ಮೂಲೆಯಲ್ಲಿ ಒಂದು ಕರಿಬೇವಿನ ಗಿಡವಿದೆ. ಅದರ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದೆಯೆಂದು ಬಗೆದು, ಮಕ್ಕಳು ಮುಟ್ಟದಿರಲೆಂಬ ಸದುದ್ದೇಶದಿಂದ, ನಮ್ಮಲ್ಲೊಬ್ಬರು ಅದನ್ನು ಕಡ್ಡಿಯಿಂದ ಕೆರೆದು ಬಿಸುಟರು. ಎರಡನೆಯದನ್ನು ಕೆರೆಯಲು ಹೋದಾಗ ಒಂದು ಮಗು ಕೈ ಹಿಡಿದು, "ಅಣ್ಣಾ, ಬೇಡ, ಅದು ತಿನ್ನುತ್ತದೆ" ಎಂದಿತು. ಬಗ್ಗಿ ನೋಡಿದೆವು. ಹಿಕ್ಕೆಯು ನಿಜವಾಗಿಯೂ ಎಲೆಯ ಅಂಚನ್ನು ತಿನ್ನುತ್ತಿತ್ತು! ಅದು ನಿಂಬೆಚಿಟ್ಟೆಯ ಎಳೆಯ ಹುಳು. ಶತ್ರುಗಳ ಕಣ್ಣಿಗೆ ಹಕ್ಕಿಯ ಹಿಕ್ಕೆಯಂತೆ ಕಾಣುವುದೇ ಅದರ ರಕ್ಷಣೆಯ ಉಪಾಯ. ಒಂಬತ್ತನೆಯ ತರಗತಿಯವರ ಕಣ್ಣನ್ನೂ ಅದು ಮೋಸಗೊಳಿಸಿತು. ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ ಗಿಡ. ಆದುದರಿಂದಲೇ ಆ ಚಿಟ್ಟೆ ಅಲ್ಲಿ ಮೊಟ್ಟೆಯಿಡುತ್ತದೆ. ಉಳಿದ ಹುಳುವನ್ನು ಕೊಂಬೆಯ ಸಹಿತ ಒಂದು ಜಾಲರಿಯ ಪೆಟ್ಟಿಗೆಯಲ್ಲಿರಿಸಿ, ದಿನವೂ ಹೊಸ ಎಲೆಗಳನ್ನು ಕೊಟ್ಟು ಸಾಕಿದರು. ಅದು ಬೆಳೆದು ಹಸುರಾಯಿತು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬನ್ನು ಚಾಚಿ ಕಟು ವಾಸನೆ ಬೀರುತ್ತಿತ್ತು. ಬಳಿಕ ಕಡ್ಡಿಗೆ ಅಂಟಿಕೊಂಡು ಕೋಶವಾಯಿತು. ಹತ್ತು ದಿನಗಳ ತರುವಾಯ ಒಂದು ಬೆಳಗ್ಗೆ ಕಪ್ಪು ಹಳದಿ ರೆಕ್ಕೆಗಳ ಚಿಟ್ಟೆ ಹೊರಬಂದು, ರೆಕ್ಕೆಗಳನ್ನು ಆರಿಸಿಕೊಂಡು, ಕಿಟಕಿಯಿಂದ ಹಾರಿಹೋಯಿತು. ಹದಿನೇಳು ಮಕ್ಕಳೂ ಮಾತಿಲ್ಲದೆ ನೋಡಿದರು.

ಚಿಟ್ಟೆಯ ಜೀವನದ ನಾಲ್ಕು ಅವಸ್ಥೆಗಳನ್ನು ನಾವು ಚಿತ್ರಸಹಿತ ಬರೆದು ಪೂರ್ಣ ಅಂಕಗಳನ್ನು ಗಳಿಸಿದವರು. ಅಂಥ ನಾವು ಎರಡನೆಯ ಅವಸ್ಥೆಯೊಂದನ್ನು ಕಡ್ಡಿಯಿಂದ ಕೆರೆದು ಎಸೆದೆವು. ಅದು ಮತ್ತೆ ಸಿಗಲಿಲ್ಲ. ಪುಸ್ತಕವನ್ನು ಓದಬಾರದೆಂದು ಇದರ ಅರ್ಥವಲ್ಲ. ಕಣ್ಣು ಕೈಗಳ ಅಭ್ಯಾಸವಿಲ್ಲದ ಓದು ಎಷ್ಟು ಕುರುಡಾಗಿರಬಲ್ಲದೆಂಬುದು ನಮಗೆ ಆ ದಿನ ತಿಳಿಯಿತು.

ನಗರದಲ್ಲಿ ವಸಂತವೆಲ್ಲಿ ಎಂದು ಕೇಳುವವರುಂಟು. ಪಂಚಾಂಗದ ಪ್ರಕಾರ ಚೈತ್ರ ವೈಶಾಖಗಳು ವಸಂತ. ಆದರೆ ಮುಂಬಯಿಯ ಮರಗಳು ಅದಕ್ಕೂ ಮೊದಲೇ ಹೊರಡುತ್ತವೆ. ಫೆಬ್ರವರಿಯಲ್ಲಿ ಎಲೆಯೆಲ್ಲ ಉದುರಿದ ಬೂರುಗದ ಮರದ ತುಂಬ ದಪ್ಪ ದಳಗಳ ಕೆಂಪು ಹೂಗಳು. ಅವುಗಳ ಬೆನ್ನಲ್ಲೇ ಹಾಲವಾಣ, ಮುತ್ತುಗ. ಜೇನು ಕುಡಿಯಲು ಮೈನಾ, ಕಾಗೆ, ಸೂರಕ್ಕಿಗಳ ಸಂತೆ. ಅರಳಿಯ ಮರದಲ್ಲಿ ತಾಮ್ರವರ್ಣದ ಚಿಗುರು. ನಸುಕಿನಿಂದಲೇ ಕಂಚುಗಾರ ಹಕ್ಕಿಯ ಟಂಕ್ ಟಂಕ್ ಸದ್ದು, ಗಂಡು ಕೋಗಿಲೆಯ ಕೂಗು. ಶಾಲೆಯಿಂದ ರೈಲು ನಿಲ್ದಾಣದವರೆಗಿನ ಹಾದಿಯಲ್ಲಿಯೇ ಇವೆಲ್ಲ ಇವೆ. ಒಂದು ದಿನ ಮಕ್ಕಳನ್ನು ಸಾಲಾಗಿ ಕರೆದೊಯ್ದು ನೋಡಿಬಂದೆವು. ಬಿದ್ದ ಬೂರುಗದ ಹೂವೊಂದನ್ನು ಹೆಕ್ಕಿ, ದಳಗಳನ್ನು ಬಿಡಿಸಿ, ಒಂದು ಎರಡು ಮೂರು ನಾಲ್ಕು ಐದು ಎಂದು ಎಣಿಸಿದರು. ಇನ್ನೊಂದರಲ್ಲಿಯೂ ಐದು. ಮತ್ತೊಂದರಲ್ಲಿಯೂ ಐದು. ಐದು ಎಂಬುದು ಮಗ್ಗಿಯ ಪುಸ್ತಕದ ಗುರುತಷ್ಟೇ ಅಲ್ಲ, ಮರಕ್ಕೂ ತಿಳಿದ ಸಂಖ್ಯೆಯೆಂದು ಅವರಿಗೆ ಅನಿಸಿರಬೇಕು.

ಇಲ್ಲಿಯೇ ನಮ್ಮ ಭಾಷೆಯ ಮಾತು ಬರುತ್ತದೆ. ಕನ್ನಡನಾಡಿನಿಂದ ದೂರವಿರುವ ನಮಗೆ ಕನ್ನಡವು ಮನೆ ಶಾಲೆಗಳೆರಡರಲ್ಲಿ ಮಾತ್ರ ಸಿಗುವ ವಸ್ತು. ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಅಂಗಡಿಯ ಫಲಕಗಳಲ್ಲಿ ಇಂಗ್ಲಿಷು. ಇಂಥಲ್ಲಿ ಬರಿಯ ಪುಸ್ತಕದಿಂದ ಬಂದ ಶಬ್ದಗಳು ನಾಲಗೆಯ ತುದಿಯಲ್ಲಿ ನಿಂತು, ಪರೀಕ್ಷೆ ಮುಗಿದೊಡನೆ ಜಾರಿಹೋಗುತ್ತವೆ. ಚಿಗುರು, ಕುಡಿ, ಮೊಗ್ಗು, ತೊಟ್ಟು, ಎಸಳು, ಹೀಚು, ಮಿಡಿ, ದೋರೆಗಾಯಿ: ಇವುಗಳಲ್ಲಿ ಎಷ್ಟು ಶಬ್ದಗಳು ನಮಗೆ ಗೊತ್ತು? ನಮ್ಮ ತರಗತಿಯಲ್ಲಿಯೇ ಕೇಳಿದಾಗ 'ಮಿಡಿ' ಎಂದರೆ ಉಪ್ಪಿನಕಾಯಿಯ ಒಂದು ಜಾತಿಯೆಂದು ಉತ್ತರ ಬಂತು. ಶಿಶುವರ್ಗದ ಮಕ್ಕಳಾದರೋ ಗಾಳಿಗೆ ಉದುರಿದ ಮಾವಿನ ಮಿಡಿಯನ್ನು ಅಂಗೈಯಲ್ಲಿ ಹಿಡಿದು ಆ ಮಾತನ್ನು ಕಲಿತರು. ಅಂಗೈಯಲ್ಲಿ ಹಿಡಿದ ಶಬ್ದ ಬೇಗ ಮರೆಯಲಾರದು.

ಅದರೊಡನೆ ಇನ್ನೊಂದು ಸಂತೋಷದ ಸಂಗತಿಯೂ ನಡೆಯಿತು. ಮಕ್ಕಳನ್ನು ನೋಡಿಕೊಳ್ಳುವ ತಾಯಿಯ ಮಾತು ಮರಾಠಿ. ನಾವು ಬೂರುಗವೆಂದುದನ್ನು ಆಕೆ ಸಾವರ ಎಂದಳು, ಹಾಲವಾಣವನ್ನು ಪಾಂಗಾರಾ ಎಂದಳು, ಮುತ್ತುಗವನ್ನು ಪಳಸ ಎಂದಳು. ಒಂದೇ ಮರಕ್ಕೆ ಎರಡು ಹೆಸರುಗಳೆಂದರೆ ಮಕ್ಕಳಿಗೆ ತೊಡಕಾಗಲಿಲ್ಲ. ಮನೆಯಲ್ಲೊಂದು ಶಾಲೆಯಲ್ಲೊಂದು ಹೆಸರಿರುವ ಗೆಳೆಯರಂತೆ ಅವುಗಳನ್ನು ಸ್ವೀಕರಿಸಿದರು. ಯುಗಾದಿಯಂದು ಇಲ್ಲಿ ಗುಡಿಪಾಡವಾ. ಬೇವಿನ ಹೂವನ್ನು ಬಿಡಿಸಿ, ಬೆಲ್ಲವನ್ನು ಕುಟ್ಟಿ, ತಾವೇ ಕಲಸಿದ ಬೇವುಬೆಲ್ಲವನ್ನು ಮಕ್ಕಳು ಹಬ್ಬದ ಹಿಂದಿನ ದಿನವೇ ಆ ತಾಯಿಗೂ ಹಂಚಿದರು.

ಪ್ರತಿಪಕ್ಷದ ಮಾತುಗಳನ್ನು ಅಲಕ್ಷಿಸುವುದು ನ್ಯಾಯವಲ್ಲ. ಅವುಗಳಲ್ಲಿ ಮುಖ್ಯವಾದುದು ಅಕ್ಷರದ ಪ್ರಶ್ನೆ. "ನಾವಿಬ್ಬರೂ ದುಡಿಯುವವರು. ಮನೆಯಲ್ಲಿ ಕೂಡಿಸಿ ಕಲಿಸಲು ನಮಗೆ ವೇಳೆಯಿಲ್ಲ. ಶಾಲೆಯೂ ಅಕ್ಷರ ಕಲಿಸದಿದ್ದರೆ ನಮ್ಮ ಮಗು ಹಿಂದೆ ಬೀಳದೇ?" ಎಂದು ಒಬ್ಬ ತಾಯಿ ಕೇಳಿದರು. ಈ ಪ್ರಶ್ನೆಗೆ ನಗು ಉತ್ತರವಲ್ಲ. ನಮ್ಮ ಪಾಲಕರಲ್ಲಿ ಬಹುಮಂದಿ ಹೋಟೆಲು, ಕಚೇರಿ, ಕಾರಖಾನೆಗಳಲ್ಲಿ ದುಡಿಯುವವರು. ಮಗುವಿನ ವಿದ್ಯೆಯೇ ಅವರ ಆಸ್ತಿ. ವರ್ಷದ ಕೊನೆಗೆ ಶಿಶುವರ್ಗದ ಕೆಲವು ಮಕ್ಕಳಿಗೆ ವರ್ಣಮಾಲೆಯೆಲ್ಲ ಬರೆಯಲು ಬರುತ್ತಿರಲಿಲ್ಲವೆಂಬುದು ನಿಜ. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಡಬ್ಬಿಯ ಮೇಲಿನ ತನ್ನ ಹೆಸರನ್ನು ಗುರುತಿಸಲಾರದ ಮಗು ಅಲ್ಲಿ ಒಂದೂ ಇರಲಿಲ್ಲ. ತನ್ನ ಗಿಡಕ್ಕೆ ಬೇರೆಯವರು ನೀರೆರೆದಾರೆಂಬ ಭಯವೇ ಅವರಿಗೆ ಅಕ್ಷರ ಕಲಿಸಿತು! ಮಣ್ಣನ್ನು ಹಿಸುಕಿ, ಕಾಳನ್ನು ಹೆಕ್ಕಿ, ಕತ್ತರಿ ಹಿಡಿದು ಪಳಗಿದ ಬೆರಳುಗಳು ಲೇಖಣಿಯನ್ನು ಹಿಡಿಯಲು ಹೆಚ್ಚು ಸಿದ್ಧವಾಗಿರುತ್ತವೆ. ಬೇರು ಮೊದಲು ಇಳಿಯಬೇಕು, ಕುಡಿ ಆಮೇಲೆ ಏಳಬೇಕು. ಕುಡಿಯನ್ನೇ ಮೊದಲು ಎಳೆದು ನಿಲ್ಲಿಸಹೋದರೆ ಕಾಳೇ ಕೆಡುವುದು.

ಇದು ಶ್ರೀಮಂತ ದೇಶಗಳ ಪದ್ಧತಿ, ನಮ್ಮಂಥವರಿಗಲ್ಲ ಎಂಬುದು ಎರಡನೆಯ ಆಕ್ಷೇಪ. ಇತಿಹಾಸ ಇದನ್ನು ಒಪ್ಪುವುದಿಲ್ಲ. ಡಾ. ಮಾರಿಯಾ ಮಾಂಟೆಸರಿಯವರ ಮೊದಲ ಶಿಶುಗೃಹವು 1907ರಲ್ಲಿ ತೆರೆದದ್ದು ರೋಮ್ ನಗರದ ಬಡವರ ಕೇರಿಯಲ್ಲಿ. ವಕೀಲಿ ವೃತ್ತಿಯನ್ನು ಬಿಟ್ಟುಬಂದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಅವರ ಸಹಕಾರಿಯಾಗಿದ್ದ, ಇದೇ ಮುಂಬಯಿಯಲ್ಲಿ ಹುಟ್ಟಿದ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ, 1957ರಿಂದ ಡಹಾಣೂ ಬಳಿಯ ಕೋಸಬಾಡದ ಗುಡ್ಡದಲ್ಲಿ, ಅನುತಾಯಿ ವಾಘರೊಡನೆ ಆದಿವಾಸಿ ಮಕ್ಕಳಿಗಾಗಿ ದುಡಿದರು. ಬೆಲೆಬಾಳುವ ಸಾಧನಗಳು ಅಲ್ಲಿರಲಿಲ್ಲ. ಬೀಜ, ಎಲೆ, ಕಲ್ಲು, ಕಪ್ಪೆಚಿಪ್ಪುಗಳೇ ಪಾಠೋಪಕರಣ. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲೆಂದು ಹೊರಟ ಅವರ ಪ್ರಯೋಗದಿಂದಲೇ 'ಅಂಗನವಾಡಿ' ಎಂಬ ಹೆಸರು ಬಂತು. ಇಂದು ಅದು ದೇಶದ ಹಳ್ಳಿಹಳ್ಳಿಯ ಮಾತಾಗಿದೆ. ಕೋಸಬಾಡವು ನಮ್ಮ ಪಶ್ಚಿಮ ರೈಲುಮಾರ್ಗದ ಬದಿಯಲ್ಲಿಯೇ ಇರುವ ಸ್ಥಳ. ಕನ್ನಡನಾಡಿನಲ್ಲಿಯೂ 1930ರ ದಶಕದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ಮಾಡಿದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಗಳಲ್ಲಿ ಮೊದಲುಗೊಂಡ 'ನಲಿ ಕಲಿ' ಅನಂತರ ನಾಡಿನಲ್ಲೆಲ್ಲ ಹಬ್ಬಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷಗಳವರೆಗಿನ ಕಾಲವನ್ನು ಒಂದೇ ಬುನಾದಿಯ ಹಂತವೆಂದು ಎಣಿಸಿ, ಆಟ ಚಟುವಟಿಕೆಗಳ ಮೂಲಕವೇ ಕಲಿಕೆ ನಡೆಯಬೇಕೆಂದೂ, ಸಾಧ್ಯವಿರುವೆಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತೇ ಮಾಧ್ಯಮವಾಗಿರಬೇಕೆಂದೂ ಹೇಳಿದೆ. ನಮ್ಮ ಶಿಶುವರ್ಗದಲ್ಲಿ ಇವೆರಡೂ ಇವೆ. ಇದ್ದುದನ್ನು ಸಿಮೆಂಟಿನಡಿ ಹೂಳಿ, ನಾಳೆ ಅದನ್ನೇ ಹೊರಗಿನಿಂದ ತರಹೋಗುವುದು ಯಾವ ಜಾಣತನ?

ಮೂರನೆಯ ಆಕ್ಷೇಪ ನಮ್ಮದೇ. ಈ ಬಗೆಯ ಶಿಕ್ಷಣ ಬಲು ಬೇಗ ಪ್ರದರ್ಶನವಾಗಿ ಬಿಡುವ ಅಪಾಯವಿದೆ. 'ವಸಂತದಿನ'ವೆಂದು ಸಾರಿ, ಮಕ್ಕಳಿಗೆಲ್ಲ ಹಳದಿ ಬಟ್ಟೆ ತೊಡಿಸಿ, ಹಿರಿಯರೇ ಕತ್ತರಿಸಿದ ಕಾಗದದ ಹೂಗಳನ್ನು ಅವರ ಕೈಗಿತ್ತು, ಛಾಯಾಚಿತ್ರ ತೆಗೆದು ಮುಗಿಸುವುದನ್ನು ನಾವು ಕಂಡಿದ್ದೇವೆ. ಅದರಲ್ಲಿ ಮಗುವಿನ ಕೈ ಬರಿಯ ಹಿಡಿಕೆ. ಮಗುವಿನ ಹೂವು ವಕ್ರವಾಗಿದ್ದರೂ ಅದು ಮಗುವಿನದೇ ಆಗಿರಲಿ. ಮೊಳೆಯದ ಕಾಳಿಗೂ ಗೋಡೆಯ ಮೇಲೆ ಸ್ಥಳವಿರಲಿ. ಹಾಗೆಯೇ, ಸಿದ್ಧತೆಯಿಲ್ಲದೆ ಮಕ್ಕಳನ್ನು ಮಣ್ಣಿನಲ್ಲಿ ಬಿಟ್ಟು ಕೂಡುವುದೂ ಶಿಕ್ಷಣವಲ್ಲ. ಆ ಒಂದು ತಾಸಿಗಾಗಿ ಗುರುಮಾತೆಯವರು ಹಿಂದಿನ ದಿನವೇ ಎಷ್ಟು ಶ್ರಮಿಸುತ್ತಿದ್ದರೆಂಬುದನ್ನು ಡಬ್ಬಿಗಳಿಗೆ ತೂತು ಕೊರೆದ ನಾವು ಬಲ್ಲೆವು.

ಹೀಗಿರಲು ನಮ್ಮ ನಮ್ರ ಸೂಚನೆಗಳು ಇಷ್ಟೇ. ಆ ನೆಲ ಈಗಿರುವಂತೆಯೇ ಉಳಿಯಲಿ. ವಾಹನಗಳಿಗೆ ಮುಂಬಾಗಿಲ ಬದಿಯ ಜಾಗವಿದೆ. ಹಿರಿಯ ತರಗತಿಗಳು ಸರದಿಯಂತೆ ವಾರಕ್ಕೊಂದು ತಾಸನ್ನು ಶಿಶುವರ್ಗಕ್ಕೆ ಕೊಡಲಿ. ಕೊಟ್ಟುದಕ್ಕಿಂತ ಹೆಚ್ಚನ್ನು ಅವರೇ ಪಡೆದುಕೊಂಡಾರು. ಪಾಲಕರನ್ನು ತಿಂಗಳಿಗೊಮ್ಮೆ ಕರೆದು, ಉಗುರಿನ ಮಣ್ಣನ್ನು ಮಾತ್ರವಲ್ಲದೆ ಗೋಡೆಯ ಮೇಲಿನ ಆ ಪಟ್ಟಿಗಳನ್ನೂ ತೋರಿಸಲಿ. ಮನೆಯಲ್ಲಿ ತಮ್ಮ ತಂಗಿಯರಿರುವ ವಿದ್ಯಾರ್ಥಿಗಳು ಅವರ ಕೈಗೆ ಮೊಬೈಲನ್ನು ಕೊಟ್ಟು ಸುಮ್ಮನಾಗಿಸುವ ಬದಲು ಒಂದು ಹಿಡಿ ಹೆಸರುಕಾಳನ್ನು ನೆನೆಹಾಕಿ ಕೊಡಲಿ. ಮರುದಿನವೇ ಮೊಳಕೆ ಕಾಣುವುದು. ಇಬ್ಬರೂ ನೋಡಬಹುದು, ಆಮೇಲೆ ಕೋಸಂಬರಿಯನ್ನೂ ಮಾಡಬಹುದು.

ಬೆಳೆಯುವ ಪೈರು ಮೊಳಕೆಯಲ್ಲಿ ಎಂದು ನಮ್ಮ ಹಿರಿಯರು ಹೇಳಿದರು. ನಮ್ಮ ಶಾಲೆಯ ಮೊಳಕೆಗಳು ಈ ವರ್ಷ ಹದಿನೇಳು. ಅವು ಮುಂದಿನ ವರ್ಷ ಎಷ್ಟಾಗುವುವೆಂಬುದು ನಮ್ಮ ಕೈಯಲ್ಲಿಲ್ಲ. ಇರುವವುಗಳಿಗೆ ಒಳ್ಳೆಯ ನೆಲವನ್ನು ಒದಗಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಸಿಮೆಂಟಿನ ವಿಷಯ ರಜೆಯ ತರುವಾಯ ನಿರ್ಣಯವಾಗುವುದೆಂದು ಕೇಳಿದ್ದೇವೆ. ಅಲ್ಲಿಯವರೆಗೆ ಕರಿಬೇವಿನ ಗಿಡವೂ ಅವರೆಯ ಬಳ್ಳಿಗಳೂ ಮೇ ತಿಂಗಳ ಬಿಸಿಲಿನಲ್ಲಿ ಒಣಗಬಾರದು. ರಜೆಯಲ್ಲಿ ನೀರೆರೆಯಲು ಬರುವವರ ಪಟ್ಟಿಯೊಂದನ್ನು ಕಾರ್ಯಾಲಯದ ಬಾಗಿಲಿಗೆ ಅಂಟಿಸಿದ್ದೇವೆ. ಸೋಮವಾರ ಬುಧವಾರಗಳು ತುಂಬಿವೆ. ಶುಕ್ರವಾರಕ್ಕೆ ಇನ್ನೂ ಇಬ್ಬರು ಬೇಕಾಗಿದ್ದಾರೆ.